ಹಸಿ ಬಣ್ಣ, ಮುಟ್ಟಬೇಡಿ

ನಮ್ಮ ತಾಂತ್ರಿಕ ಕಾಲೇಜಿನ ಚರಿತ್ರೆ ಬೇಕಾದರೆ ಆಫೀಸಿಗೆ ಹೋಗಬೇಡಿ. ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಇದೆ, ಅದನ್ನು ಉಗುರಿನಿಂದ ಕೆರೆದು ನೋಡಿ. ತಳದಲ್ಲಿ ಹಸಿರು, ಟೈರಿನ ಗೋದಾಮಿನಲ್ಲಿ ಕಾಲೇಜು ಶುರುವಾದಾಗಿನದು. ಅದರ ಮೇಲಿನ ನೀಲಿ ಮೊದಲ ಮಾನ್ಯತೆ ಸಿಕ್ಕಾಗಿನದು. ಆಮೇಲೆ ಬೂದು, ಮತ್ತೆ ನೀಲಿ. ಪ್ರತಿ ತಪಾಸಣೆಗೂ ಒಂದು ಪದರ. ಹೊಸ ಯಂತ್ರಕ್ಕಿಂತ ಹೊಸ ಬಣ್ಣ ಅಗ್ಗ ಎಂಬುದು ನಮ್ಮ ಚೇರ್‌ಮನ್ನರ ಇಂಜಿನಿಯರಿಂಗ್.

ಬಳಿಯುತ್ತಿದ್ದವನು ವರ್ಕ್‌ಶಾಪಿನ ಅಟೆಂಡರ್, ಹುಡುಗರ ಬಾಯಲ್ಲಿ ಪೇಂಟ್ ಮಾವ. ಅಚ್ಚುಕಟ್ಟಿನ ಮನುಷ್ಯ. ಬಳಿದ ಮೇಲೆ ಸುತ್ತ ಹಗ್ಗ ಕಟ್ಟಿ, 'ಹಸಿ ಬಣ್ಣ, ಮುಟ್ಟಬೇಡಿ' ಎಂಬ ರಟ್ಟು ನೇತುಹಾಕುತ್ತಿದ್ದ. ಬಣ್ಣ ಒಣಗುತ್ತಿತ್ತು, ರಟ್ಟು ಮಾತ್ರ ಇಳಿಯುತ್ತಿರಲಿಲ್ಲ. ಹೊಳಪು ಕೆಟ್ಟರೆ ಚೇರ್‌ಮನ್ನರು ಅವನ ಮೇಲೆ ಹಾರಾಡುತ್ತಿದ್ದರು. ಹೀಗಾಗಿ ನಮ್ಮ ಹುಡುಗರು ಲೇತನ್ನು ಗೋಡೆಯ ಚಿತ್ರದಲ್ಲೇ ಕಲಿತರು. ಅವರಲ್ಲಿ ಅವನ ಮಗಳೂ ಒಬ್ಬಳು. ಅವಳನ್ನು ಓದಿಸಬೇಕೆಂಬ ಒಂದೇ ಆಸೆಗೆ ಅವನು ಇಲ್ಲಿ ಜೀವ ತೇಯ್ದದ್ದು.

ಈಗ ಅವಳದು ಕೊನೆಯ ವರ್ಷ. ಮಾನ್ಯತೆಯ ಅವಧಿಯೂ ಮುಗಿದಿತ್ತು. ಅದು ಮತ್ತೆ ಸಿಗದಿದ್ದರೆ ಅವಳ ಡಿಪ್ಲೊಮಾವನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಅವನಿಗೆ ಊಟ ಸೇರುತ್ತಿರಲಿಲ್ಲ. ಈ ಸಲ ಎರಡು ಕೋಟ್ ಹೊಡೆದ.

"ನನ್ನ ಕೈಲಾಗೋದು ಇದೊಂದೇ," ಅಂದ, ಪಕ್ಕದ ಸ್ಟೋರಿನಲ್ಲಿ ಕೂರುವ ನನಗೆ. ನನಗೆ ಮೈಯೆಲ್ಲ ಉರಿಯಿತು. ಅವನ ಮುಖ ನೋಡಿ, ಕೇಳಿದ ಬಣ್ಣದ ಡಬ್ಬಿ ಎತ್ತಿಕೊಟ್ಟೆ.

ಹಿಂದೆ ತಪಾಸಣೆಗೆ ಬಂದವರೆಲ್ಲ ಹಗ್ಗದಾಚೆಯಿಂದಲೇ ತಲೆಯಾಡಿಸಿ, ಟೀ ಕುಡಿದು ಹೋಗಿದ್ದರು. ಈ ಸಲ ಬಂದ ಮೇಡಂ ಹಗ್ಗ ದಾಟಿದರು. ಸಾಲಾಗಿ ನಿಲ್ಲಿಸಿದ್ದ ವಿದ್ಯಾರ್ಥಿಗಳಲ್ಲಿ ಮುಂದಿದ್ದ ಹುಡುಗಿಯನ್ನು ಕರೆದರು. ಗ್ರಹಚಾರಕ್ಕೆ ಅವಳು ಅವನ ಮಗಳೇ.

"ಬಾಮ್ಮ, ಇದನ್ನ ಸ್ವಲ್ಪ ಓಡಿಸಿ ತೋರ್ಸು."

ಪೇಂಟ್ ಮಾವ ಬೆವೆತುಹೋದ. ಪದರದ ಮೇಲೆ ಪದರ ಬಿದ್ದು ಹಿಡಿಕೆಗಳೆಲ್ಲ ಕಚ್ಚಿಕೊಂಡಿದ್ದು ಅವನಿಗಲ್ಲದೆ ಇನ್ಯಾರಿಗೆ ಗೊತ್ತು?

"ಮೇಡಂ, ಬಣ್ಣ ಇನ್ನೂ ಹಸಿ ಇದೆ, ಬಟ್ಟೆಗೆ ಮೆತ್ಕೊಳ್ಳುತ್ತೆ."

"ಮೆತ್ಕೊಳ್ಲಿ ಬಿಡಿ."

ದೇವರೇ, ಇದೊಂದು ಸಲ ತಿರುಗಲಿ ಎಂದು ಅವನ ತುಟಿ ಅಲುಗುತ್ತಿತ್ತು. ಆದರೆ ವಿಷಯ ಹಿಡಿಕೆ ತಿರುಗಿಸುವವರೆಗೆ ಹೋಗಲೇ ಇಲ್ಲ. ಹುಡುಗಿ ಕೈ ಚಾಚಿದಳು. ಆ ಹಿಡಿಕೆ ನೋಡಿದಳು, ಈ ಗುಂಡಿ ನೋಡಿದಳು, ಕೈ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅಪ್ಪ, ಇದ್ರಲ್ಲಿ ಯಾವುದನ್ನ ತಿರುಗಿಸ್ಬೇಕು?"

ಮೇಡಂ ಪೆನ್ನು ಮುಚ್ಚಿ ಬಾಗಿಲ ಕಡೆ ನಡೆದರು, ಚೇರ್‌ಮನ್ನರು ಅವರ ಬೆನ್ನು ಹತ್ತಿದರು. ಪೇಂಟ್ ಮಾವ ರಟ್ಟನ್ನು ಕಿತ್ತು ಕೆಳಗಿಟ್ಟ.

"ಮುಟ್ಟು ಮಗಳೇ," ಅಂದ. "ಯಾವುದನ್ನ ಬೇಕಾದ್ರೂ ಮುಟ್ಟು."