ದಾವೀದಪ್ಪನವರ ಒಂದೇ ಗ್ರೀಕ್ ಶಬ್ದ

ತೀರಿಕೊಳ್ಳುವ ಹಿಂದಿನ ದಿನವೂ ನನ್ನ ಗಂಡ ದಾವೀದಪ್ಪ ಸ್ಟೇಷನ್ ರಸ್ತೆಯಲ್ಲಿ ಮಣ್ಣಿನ ಗಡಿಗೆ ಮಾರುವ ಪರಸವ್ವನ ಗಡಿಗೆಗಳನ್ನು ಬೆರಳಿನಿಂದ ಬಾರಿಸುತ್ತ ಪಾಠ ಮಾಡಿದರು: “ಬೈಬಲಿನ ಗ್ರೀಕ್‌ನ್ಯಾಗ ಇದಕ್ಕ ಓಸ್ಟ್ರಾಕಿನೊಸ್ ಅಂತಾರ. ಸುಟ್ಟ ಮಣ್ಣಿಂದು ಅಂತ ಅರ್ಥ.” “ಗ್ರೀಕ್‌ನ್ಯಾಗ ಕರದ್ರ ನೀರು ಹೆಚ್ಚು ತಂಪ ಆಗ್ತಾವೇನ್ರಿ ಪಾಸ್ಟರ?” ಎಂದಳು ಪರಸವ್ವ. ಮೂರು ದಿನದ ತರಬೇತಿಯಲ್ಲಿ ಕಲಿತ ಆ ಒಂದೇ ಶಬ್ದದ ಮೇಲೆ ಅವರು ತಿಕೋಟಾ, ಬಬಲೇಶ್ವರ, ಬಿಜ್ಜರಗಿಗಳಲ್ಲಿ ಇಪ್ಪತ್ತು ವರ್ಷ ಬೋಧನೆ ಮಾಡಿದರು. ಮದುವೆಯಲ್ಲೂ ಅದೇ, ತೊಟ್ಟಿಲ ಕಾರ್ಯದಲ್ಲೂ ಅದೇ. ಚಹದಂಗಡಿಯವನು ಮಣ್ಣಿನ ಕಪ್ಪು ಕೊಡುವಾಗ “ತಗೋರಿ, ಓಸ್ಟ್ರಾಕಿನೊಸ್” ಎನ್ನುತ್ತಿದ್ದ. ಇವರಿಗೆ ಅಷ್ಟೇ ಸಾಕು. “ನಾವೂ ಹಂಗ, ಮಣ್ಣಿನ ಪಾತ್ರಿ. ದೇವರು ತನ್ನ ನಿಧಿ ಇದರಾಗ ಇಟ್ಟಾನ” ಎಂದು ಅಲ್ಲೇ ಶುರು. ಮನೆಯಲ್ಲಿ ನಾನು ತುಂಬಿದ ಕೊಡ ಎತ್ತಿದರೆ ಓಡಿಬಂದು ಕಸಿದುಕೊಳ್ಳುವರು: “ಇಡ ಬೇ! ನಿನ್ನ ನಡಾ ಓಸ್ಟ್ರಾಕಿನೊಸ್ ಐತಿ.” “ನಿಮ್ದೇನು ಕಬ್ಬಿಣದ್ದೇನ್ರಿ?” ಎಂದರೆ ನಗುವರು. ತಮ್ಮ ಎದೆ ನೋಯುತ್ತಿದ್ದುದನ್ನು ಮಾತ್ರ ಯಾವ ಭಾಷೆಯಲ್ಲೂ ಹೇಳಲಿಲ್ಲ. ಈಗ ದಿನಾ ಮುಂಜಾನೆ ನಳದ ನೀರು ನಾನೇ ತರುತ್ತೇನೆ, ಎರಡು ಸಲ, ಅರ್ಧರ್ಧ ಕೊಡ.