ಗೋಡೆಗೆ ಅಂಟಿಸಿದ ಗುಟ್ಟು

ಒಕಾದಾ ಸಾನ್ ಅವರ ಅಂಗಿಯ ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ಟೇಪಿನ ಸುರುಳಿ ಇದ್ದೇ ಇರುತ್ತಿತ್ತು. ಜಪಾನಿನ ಹಮಾಮತ್ಸುವಿನಲ್ಲಿ, ವಾಹನದ ಗೇರ್ ಮಾಡುವ ನಮ್ಮ ಕಾರ್ಖಾನೆಯಲ್ಲಿ ಅವರು ನನ್ನ ಮೇಲಧಿಕಾರಿ. 'ಸಾನ್' ಅಂದರೆ ಇಲ್ಲಿ ಹೆಸರಿಗೆ ಸೇರಿಸುವ ಗೌರವದ ಮಾತು, ನಮ್ಮ 'ಅವರೇ' ಇದ್ದಂತೆ. ಟೀ ಲೋಟ ಹೇಗೆ ತೊಳೆಯಬೇಕು, ಛತ್ರಿ ಎಲ್ಲಿಡಬೇಕು, ಎಲ್ಲಕ್ಕೂ ಫೋಟೋ ಸಮೇತ ಗೋಡೆ ಮೇಲೊಂದು ಹಾಳೆ. ಇಲ್ಲಿನ ಕಾರ್ಖಾನೆಗಳಲ್ಲಿ ಕೆಲಸದ ವಿವರವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಹಾಕುವುದು ಪದ್ಧತಿ. ಇವರಿಗೆ ಅದು ಚಟ.

ನಾನು ವರ್ಷಗಟ್ಟಲೆ ಕುಲುಮೆಯ ಮುಂದೆ ಬೆಂದು, ಗೇರು ಸೊಟ್ಟಗಾಗದಂತೆ ಕಾಯಿಸಿ ತಣಿಸುವ ಒಂದು ಕ್ರಮ ಕಂಡುಹಿಡಿದೆ. ಅದು ಬೇರೆ ಯಾವ ಕಂಪನಿಯ ಹತ್ತಿರವೂ ಇರಲಿಲ್ಲ. ಮರುದಿನವೇ ಒಕಾದಾ ಸಾನ್ ಟೇಪು ಹಿಡಿದು ನಿಂತರು.

"ಪ್ರಸಾದ್ ಸಾನ್, ಗೋಡೆಗೆ ಹಾಕೋಣ."

"ಇದು ನಮ್ಮ ಗುಟ್ಟು, ಒಕಾದಾ ಸಾನ್. ಬೀರುವಿನಲ್ಲಿಟ್ಟು ಬೀಗ ಹಾಕಿ."

"ಬೀಗ ಹಾಕಿದರೆ ಕುಲುಮೆ ಮುಂದೆ ಇರೋರು ಏನು ನೋಡಿಕೊಂಡು ಕೆಲಸ ಮಾಡ್ತಾರೆ? ಎಲ್ಲ ನಮ್ಮವರೇ ಅಲ್ವಾ?"

ನನ್ನ ಮಾತು ಯಾರಿಗೆ ಬೇಕಿತ್ತು? ಜಪಾನೀಸಿನಲ್ಲಿ, ಬ್ರೆಜಿಲ್‌ನಿಂದ ಬಂದ ಕೆಲಸಗಾರರಿಗಾಗಿ ಪೋರ್ಚುಗೀಸಿನಲ್ಲಿ, ದಪ್ಪಕ್ಷರದಲ್ಲಿ ನನ್ನ ಗುಟ್ಟು ಗೋಡೆ ಏರಿತು. ಕಾರ್ಖಾನೆ ನೋಡಲು ಬಂದ ಶಾಲಾ ಮಕ್ಕಳನ್ನು ಅದರ ಮುಂದೆಯೇ ನಿಲ್ಲಿಸಿ ಫೋಟೋ ತೆಗೆಸಿದರು, ಮಹಾನುಭಾವರು! ಸಿಟ್ಟಿಗೆ ನಾನು ಆ ಗೋಡೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಆ "ನಮ್ಮವರ" ಪೈಕಿ ನಕಾಯಿ ಎಂಬಾತ ಕೆಲಸ ಬಿಟ್ಟು ಎದುರಾಳಿ ಕಂಪನಿ ಸೇರಿದ. ಸ್ವಲ್ಪ ದಿನಕ್ಕೆ ಅವರ ಗೇರೂ ಸೊಟ್ಟಗಾಗುವುದು ನಿಂತಿತು. ನಮ್ಮ ದೊಡ್ಡ ಗಿರಾಕಿ ಅತ್ತ ಹೋದರು. ಕೇಸು ಹಾಕಿ, ಆ ಕಳ್ಳನನ್ನು ಬಿಡಬೇಡಿ ಎಂದು ನಾನು ಕುಣಿದಾಡಿದೆ.

ಕಂಪನಿಯ ವಕೀಲೆ ಬಂದು ಮೊದಲು ಗೋಡೆ ನೋಡಿದರು, ಆಮೇಲೆ ನಮ್ಮನ್ನು ನೋಡಿದರು.

"ವ್ಯಾಪಾರದ ಗುಟ್ಟು ಕದ್ದವರನ್ನು ಕಾನೂನು ಹಿಡಿಯುತ್ತೆ. ಆದರೆ ನೀವು ಅದನ್ನು ಗುಟ್ಟಾಗಿ ಇಟ್ಟುಕೊಂಡಿದ್ದರೆ ಮಾತ್ರ. ಇದನ್ನು ಮಕ್ಕಳೆಲ್ಲ ಫೋಟೋ ಹೊಡ್ಕೊಂಡು ಹೋಗಿದಾರಲ್ಲ!"

"ಸುಮಿಮಾಸೆನ್," ಎಂದು ಒಕಾದಾ ಸಾನ್ ಸೊಂಟ ಮುರಿಯುವಂತೆ ಬಗ್ಗಿದರು. ಅವರ ಕ್ಷಮೆ ಇಟ್ಟುಕೊಂಡು ನಾನೇನು ಉಪ್ಪಿನಕಾಯಿ ಹಾಕಬೇಕಿತ್ತೇ?

ಆಮೇಲೆ ಎಲ್ಲ ಬದಲಾಯಿತು. ಹಾಳೆ ಹಾಳೆಗೂ 'ಗುಟ್ಟು' ಎಂಬ ಕೆಂಪು ಮುದ್ರೆ, ಬೀರುವಿಗೆ ಬೀಗ, ಗೇಟಿನಲ್ಲಿ ಚೀಲ ತಪಾಸಣೆ. ಕ್ರಮ ಕಣ್ಣಿಗೆ ಕಾಣದೆ ಹೊಸ ಹುಡುಗರು ಒಂದಿಡೀ ಕುಲುಮೆ ಗೇರು ಹಾಳುಮಾಡಿದರು. ಅದಕ್ಕೂ ನಾನೇ ತಲೆ ಚಚ್ಚಿಕೊಳ್ಳಬೇಕಾಯಿತು. ತಪ್ಪೆಲ್ಲ ತನ್ನದೇ ಎಂದು ಒಪ್ಪಿಕೊಂಡು ಒಕಾದಾ ಸಾನ್ ನಿವೃತ್ತಿಗೆ ಮೊದಲೇ ರಾಜೀನಾಮೆ ಕೊಟ್ಟರು.

ಕೊನೆಯ ದಿನ ಎಲ್ಲರ ಮೇಜಿಗೂ ಸಿಹಿ ಹಂಚಿ, ಕಡೆಗೆ ನನ್ನ ಹತ್ತಿರ ಬಂದರು. ಬೈಯಬೇಕೆಂದು ಎಷ್ಟು ದಿನದಿಂದ ಮಾತು ಕೂಡಿಟ್ಟುಕೊಂಡಿದ್ದೆ! ಅವರು ಗೋಡೆಯಿಂದ ಕಿತ್ತ ಆ ಹಾಳೆಯನ್ನು ಬಿಡಿಸಿ ಹಿಡಿದರು. ಕೆಳಗೆ, ದಪ್ಪಕ್ಷರದಲ್ಲಿ: "ಕಂಡುಹಿಡಿದವರು, ಪ್ರಸಾದ್ ಸಾನ್."

"ಬೀರುವಿನಲ್ಲಿಟ್ಟಿದ್ದರೆ ಈ ಹೆಸರು ಯಾರಿಗೆ ಕಾಣುತ್ತಿತ್ತು? ಮನೆಗೆ ಒಯ್ಯಿರಿ," ಎಂದರು.

ನಾನು ಹಾಳೆಯನ್ನು ಜೋಪಾನವಾಗಿ ಮಡಚಿ ಚೀಲಕ್ಕೆ ಹಾಕಿಕೊಂಡೆ. ಅವರು ಸೈಕಲ್ ಹತ್ತಿ ಹೊರಟುಹೋದರು. ಮತ್ತೆ ಸಿಕ್ಕಿಲ್ಲ.

ಸಂಜೆ ಗೇಟಿನಲ್ಲಿ ಕಾವಲಿನವನು ನನ್ನ ಚೀಲದ ಹಾಳೆ ಬಿಚ್ಚಿದ. ಕೆಂಪು ಮುದ್ರೆ ನೋಡಿದ. "ಸುಮಿಮಾಸೆನ್, ಇದು ಕಂಪನಿಯ ಗುಟ್ಟು," ಎಂದು ಕಾಗದ ಚೂರು ಮಾಡುವ ಯಂತ್ರಕ್ಕೆ ತುರುಕಿದ. ಕೆಳಗಿನ ಸಾಲು, ನನ್ನ ಹೆಸರಿದ್ದದ್ದು, ಕೊನೆಯಲ್ಲಿ ಒಳಗೆ ಹೋಯಿತು.