ಎಡಗೊಂಬಿನ ಅಳತೆ

ದೆವ್ವ-ಗಿವ್ವ ಎಂದು ಯಾರಾದರೂ ಮಾತು ತೆಗೆದರೆ ನಾನು ಕಾಫಿ ಬೆರೆಸುವ ನೆಪದಲ್ಲಿ ಎದ್ದು ಹೋಗುತ್ತಿದ್ದವಳು. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ್ದು ಕಸೂತಿ, ದುಂಡಗಿನ ಅಕ್ಷರ, ಮತ್ತು ಕಂಡದ್ದನ್ನು ಕಂಡಷ್ಟೇ ಹೇಳುವುದು. ಈಗಲೂ ಅಷ್ಟೇ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನಗೇ ಇನ್ನೂ ತೀರ್ಮಾನವಾಗಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನ್ಯೂಯಾರ್ಕಿಗೆ ಹತ್ತಿರದ ವುಡ್‌ಬ್ರಿಡ್ಜ್ ಎಂಬ ಊರಿನಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ನಮ್ಮವರು ಬೆಳಿಗ್ಗೆ ನ್ಯೂಯಾರ್ಕಿನ ಟ್ರೈನು ಹಿಡಿದರೆ ಬರುವುದು ಕತ್ತಲಾದ ಮೇಲೆ. ಅಷ್ಟು ಹೊತ್ತೂ ಮಾತಿಗೆ ಯಾರೂ ಇಲ್ಲ. ಫ್ರಿಜ್ಜಿನ ಗುಂಯ್ ಶಬ್ದ ಥಟ್ಟನೆ ನಿಂತರೆ ಯಾರೋ ಎದ್ದು ಹೋದ ಹಾಗೆ ಆಗುತ್ತಿತ್ತು.

ಕೆಳಗಡೆ ಮನೆಯ ಮಾಲೀಕ ಮಿಸ್ಟರ್ ಹೆನ್ರಿ, ಅರವತ್ತು ದಾಟಿದವರು. ಹೆಂಡತಿ ತೀರಿಕೊಂಡಿದ್ದರು, ಒಬ್ಬನೇ ಮಗ ಡ್ಯಾನಿ ವಿಯೆಟ್ನಾಮಿಗೆ ಹೋದವನು ಮರಳಲಿಲ್ಲ. ಬೇಟೆಗಾರರು ಜಿಂಕೆಯ ಕೊಂಬಿಗೆ ಅಂಕ ಕೊಡುತ್ತಾರೆಂದು ನನಗೆ ಗೊತ್ತಾದದ್ದು ಅವರಿಂದ. ತಮ್ಮ ಬೇಟೆ ಕ್ಲಬ್ಬಿನವರು ತರುವ ಕೊಂಬುಗಳನ್ನು ಅವರೇ ಅಳೆಯುತ್ತಿದ್ದರು; ಅಂಕ ಸಾಕಷ್ಟಿದ್ದರೆ ಬೇಟೆಗಾರನ ಹೆಸರು ಕ್ಲಬ್ಬಿನ ಪುಸ್ತಕದಲ್ಲಿ ಅಚ್ಚಾಗುತ್ತಿತ್ತು. ಪಶ್ಚಿಮದ ಬೆಟ್ಟಗಳಲ್ಲಿ ಮ್ಯೂಲ್ ಡೀರ್ ಎಂಬ ಅಗಲ ಕಿವಿಯ ಜಿಂಕೆಗಳಿವೆ. ಮೊದಲು ಫೋಟೋ ನೋಡಿ, ಆ ಕಿವಿಗಳ ಅಗಲಕ್ಕೆ ಹೋಲಿಸಿ ಗಂಡಿನ ಕೊಂಬನ್ನು ಅಂದಾಜು ಮಾಡುತ್ತಿದ್ದರು. ಆಮೇಲೆ ಉಕ್ಕಿನ ಟೇಪಿನಲ್ಲಿ ನಿಜವಾದ ಅಳತೆ, ಇಂಚಿನ ಎಂಟನೇ ಒಂದು ಭಾಗದವರೆಗೆ. ಎಡಬಲಕ್ಕೆ ಎಷ್ಟು ವ್ಯತ್ಯಾಸವೋ ಅಷ್ಟನ್ನು ಮೊತ್ತದಲ್ಲಿ ಕಳೆಯಬೇಕು.

ಅವರ ಕೈ ನಡುಗತೊಡಗಿತ್ತು. ನಾನು ಬಟ್ಟೆ ಅಳೆಯುವುದನ್ನು ನೋಡಿ ಒಂದು ದಿನ ಸಂಕೋಚದಿಂದಲೇ ಸಹಾಯ ಕೇಳಿದರು. ಮೊಟ್ಟೆಯನ್ನೂ ಮುಟ್ಟದ ನಾನು ಅವರ ನೆಲಮಾಳಿಗೆಯಲ್ಲಿ ಕೊಂಬು ಹಿಡಿದು ನಿಂತೆ.

"ಏನೇ, ಇವತ್ತು ಯಾವ ಜಿಂಕೆಗೆ ಬ್ಲೌಸು? ಉದ್ದ ತೋಳೋ, ಗಿಡ್ಡ ತೋಳೋ?" ಎಂದು ನಮ್ಮವರು ರೇಗಿಸುತ್ತಿದ್ದರು.

"ನಿಮ್ಮ ಹಾಗೆ ಹೊಟ್ಟೆ ಬಂದಿಲ್ಲ, ಅಳೆಯೋದು ಸುಲಭ," ಎನ್ನುತ್ತಿದ್ದೆ.

ನಾನು ಗೋಡೆಗೆ ಸೇರಿದ ಬೆಂಚಿನ ಮೇಲೆ ಕೊಂಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಅಳತೆ ಕೂಗಬೇಕು. ಅವರು ನನ್ನ ಬೆನ್ನ ಹಿಂದೆ ಮೇಜಿನಲ್ಲಿ ಬರೆದುಕೊಳ್ಳುತ್ತ ಅದನ್ನೇ ತಿರುಗಿ ಹೇಳಬೇಕು, ತಪ್ಪಾಗಬಾರದೆಂದು. ಅದು ಅವರ ಪದ್ಧತಿ.

ಫೆಬ್ರವರಿಯ ಒಂದು ಮಧ್ಯಾಹ್ನ, ಹೊರಗೆ ಸ್ನೋ ಬೀಳುತ್ತಿತ್ತು. ಅವರು ಹಳೆಯ ಕಂಬಳಿಯಲ್ಲಿ ಸುತ್ತಿದ್ದ ಒಂದು ಜೊತೆ ಕೊಂಬು ತಂದಿಟ್ಟರು. ಡ್ಯಾನಿ ಸೈನ್ಯಕ್ಕೆ ಹೋಗುವ ಮುನ್ನ ಕೊಲೊರಾಡೋದಲ್ಲಿ ಹೊಡೆದದ್ದು. ಇಷ್ಟು ವರ್ಷ ಅದಕ್ಕೆ ಟೇಪು ಮುಟ್ಟಿಸಿರಲಿಲ್ಲ. ಈಗ ಮನೆ ಮಾರಿ ಫ್ಲಾರಿಡಾದ ತಂಗಿಯ ಬಳಿಗೆ ಹೊರಟಿದ್ದರು.

"ನನ್ನ ಅಂದಾಜಿನಲ್ಲಿ ಇದು ನಮ್ಮ ಕ್ಲಬ್ಬಿನ ರೆಕಾರ್ಡ್ ಪುಸ್ತಕಕ್ಕೆ ಸೇರುತ್ತೆ, ಯಂಗ್ ಲೇಡಿ," ಎಂದರು. "ಸತ್ತವರ ಪಟ್ಟಿ ಬಿಟ್ಟು ಬೇರೆ ಕಡೆಯೂ ಅವನ ಹೆಸರು ಅಚ್ಚಾಗಲಿ."

ನಾನು ಅಳೆಯತೊಡಗಿದೆ. ಕವಲುಗಳನ್ನು ಅಳೆಯಲು ಮುಖ್ಯ ಕೊಂಬಿನ ಮೇಲಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದು, ಅಲ್ಲಿಂದ ಟೇಪು ಹಿಡಿಯಬೇಕು. ಎಡಗೊಂಬಿನ ಹಿಂದಿನ ಕವಲು ಬಲದ ಜೊತೆಗಾರನಿಗಿಂತ ಗಿಡ್ಡವಾಗಿತ್ತು. ನಾನು ಟೇಪನ್ನು ಗೆರೆಗಿಂತ ಕೊಂಚ ಕೆಳಗೆ ಹಿಡಿದೆ. ತಿಳಿಯದೆ ಅಲ್ಲ, ತಿಳಿದೇ. "ಇಲೆವೆನ್ ಆಂಡ್ ತ್ರೀ ಎಯ್ಟ್ಸ್," ಎಂದೆ, ಇದ್ದದ್ದಕ್ಕಿಂತ ಅರ್ಧ ಇಂಚು ಹೆಚ್ಚು.

ಅಂಕಿಯನ್ನು ತಿರುಗಿ ಹೇಳುವ ಬದಲು ಹಿಂದಿನಿಂದ, "ಅಗೇನ್, ಮ್ಯಾಮ್," ಎಂದು ಕೇಳಿಸಿತು. ಗದರಿಕೆಯಲ್ಲ, ಮೆತ್ತಗಿನ ದನಿ.

ನನ್ನ ಕಿವಿ ಬಿಸಿಯಾಯಿತು. ತಿರುಗಿ ನೋಡಲು ನಾಚಿಕೆ. ಟೇಪನ್ನು ಗೆರೆಗೆ ಸರಿಸಿ, "ಟೆನ್ ಆಂಡ್ ಸೆವೆನ್ ಎಯ್ಟ್ಸ್," ಎಂದೆ. ದನಿ ಅದನ್ನೇ ತಿರುಗಿ ಹೇಳಿತು. ಮುಂದಿನ ಅಳತೆಗಳನ್ನೂ ಒಂದೊಂದಾಗಿ ಹೇಳಿತು.

ಕೊನೆಯದು ಮುಗಿಸಿ ತಿರುಗಿದರೆ ಕುರ್ಚಿ ಖಾಲಿ. ಫಾರಮ್ಮಿನಲ್ಲಿ ಮಿಸ್ಟರ್ ಹೆನ್ರಿಯ ನಡುಗುವ ಅಕ್ಷರದಲ್ಲಿ ಮೊದಲ ಎರಡು ಸಾಲು ಮಾತ್ರ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಹೆಗಲ ತುಂಬ ಸ್ನೋ ಹೊತ್ತು ಅವರು ಇಳಿದು ಬಂದರು.

"ಪಕ್ಕದವರ ಕಾರು ಸಿಕ್ಕಿಹಾಕಿಕೊಂಡಿತ್ತು. ಹೇಳಿಯೇ ಹೋದೆನಲ್ಲ? ಅಯ್ಯೋ, ಕಾಯ್ತಾ ನಿಂತಿದ್ದೀರಾ?"

ಆಗ ಹೊಳೆಯಿತು: ಅವರು ಎಂದೂ ನನ್ನನ್ನು ಮ್ಯಾಮ್ ಎಂದು ಕರೆದವರಲ್ಲ.

ಮತ್ತೆ ಮೊದಲಿನಿಂದ ಅಳೆದೆವು. ಎಡಗೊಂಬಿನ ಹಿಂದಿನ ಕವಲಿಗೆ ಬಂದಾಗ ಅವರು ಪೆನ್ಸಿಲ್ ಎತ್ತಿ ಹಿಡಿದು ಕಾದರು. ಟೇಪು ಅಷ್ಟೇ ಅಷ್ಟು ಕೆಳಗಿಳಿದರೆ ಸಾಕು, ಅವರ ಕಣ್ಣಿಗೆ ಕಾಣುತ್ತಲೂ ಇರಲಿಲ್ಲ. "ಟೆನ್ ಆಂಡ್ ಸೆವೆನ್ ಎಯ್ಟ್ಸ್," ಎಂದೆ. ಅವರು ತಿರುಗಿ ಹೇಳಿ ಬರೆದುಕೊಂಡರು.

ಎರಡು ಸಲ ಕೂಡಿದರು. ಪುಸ್ತಕಕ್ಕೆ ಸೇರುವುದು ಅರ್ಧ ಇಂಚಿಗೆ ತಪ್ಪಿತ್ತು. "ಅವನು ಅವತ್ತೇ ಹೇಳಿದ್ದ, ಸ್ವಲ್ಪಕ್ಕೆ ತಪ್ಪುತ್ತೆ ಡ್ಯಾಡ್ ಅಂತ. ನಾನೇ ಜಗಳ ಆಡಿದ್ದೆ," ಎಂದರು. ಫಾರಂ ಮಡಚಿ ಜೇಬಿಗಿಟ್ಟು, ಕೊಂಬಿಗೆ ಕಂಬಳಿ ಸುತ್ತಿದರು. ಗಂಟು ಹಾಕಲು ಅವರ ಕೈಗೆ ಆಗದೆ ನಾನೇ ಹಾಕಿಕೊಟ್ಟೆ.

ರಾತ್ರಿ ಎಲ್ಲ ಹೇಳಿದಾಗ ನಮ್ಮವರು, "ಅದು ನಿನ್ನ ಸಿಸ್ಟರ್‌ಗಳ ದನಿ ಕಣೇ, ಒಳಗೇ ಕೂತಿದ್ದಾರೆ," ಎಂದು ನಕ್ಕರು. ಇರಬಹುದು. ಆದರೆ ನಾನು ಕೇಳಿದ್ದು ಇಲ್ಲಿಯ ಹುಡುಗರ ಇಂಗ್ಲಿಷು, ಗಂಡಸಿನ ದನಿ. ನೆಲಮಾಳಿಗೆಯ ಬಾಯ್ಲರಿನ ಸದ್ದೆಂದುಕೊಳ್ಳಲೂ ನೋಡಿದ್ದೇನೆ. ಬಾಯ್ಲರು ಅಂಕಿ ಹೇಳುವುದಿಲ್ಲ.

ಮಿಸ್ಟರ್ ಹೆನ್ರಿಗೆ ಮಾತ್ರ ಹೇಳಲಿಲ್ಲ. ಏಪ್ರಿಲ್‌ನಲ್ಲಿ ಅವರು ಹೊರಟಾಗ ಕಾರಿನ ತನಕ ಹೋದೆ, ಬಾಯಿಯವರೆಗೂ ಬಂತು, ಕೈ ಬೀಸಿ ಬಂದುಬಿಟ್ಟೆ. ಹೇಳಿದ್ದರೆ ಸಮಾಧಾನವಾಗುತ್ತಿತ್ತೋ ಏನೋ. ಆದರೆ ಹೇಳಿದ್ದರೆ ಆ ಮನುಷ್ಯ ಆ ನೆಲಮಾಳಿಗೆ ಬಿಟ್ಟು ಏಳುತ್ತಿರಲಿಲ್ಲ ಎಂದು ನನಗೆ ಗೊತ್ತು. ಏಕೆಂದರೆ ಅವರು ಹೊರಟ ಮೇಲೆ ಒಂದು ವಾರವೆಲ್ಲ ನಾನೇ ಮಧ್ಯಾಹ್ನ ಕೆಳಗಿಳಿದು, ಖಾಲಿ ಬೆಂಚಿನ ಮುಂದೆ ಗೋಡೆಗೆ ಮುಖ ಮಾಡಿ ನಿಂತು, ಬಾಯಿಗೆ ಬಂದ ಅಳತೆ ಕೂಗಿ, ಯಾರಾದರೂ ತಿರುಗಿ ಹೇಳುತ್ತಾರೇನೋ ಎಂದು ಕಾಯುತ್ತಿದ್ದೆ.